ಅಪ್ಪನ ಕುರ್ಚಿಯ ಸುತ್ತ

ವ್ಯಾಯಾಮದ ವಿಷಯದಲ್ಲಿ ನನಗಿರುವಷ್ಟು ಜ್ಞಾನ ನಮ್ಮ ಹನುಮಂತನಗರದಲ್ಲಿ ಇನ್ನೊಬ್ಬರಿಗೆ ಇರಲಾರದು. ಸೂರ್ಯನಮಸ್ಕಾರದ ಬಗೆಗಳನ್ನೆಲ್ಲ ಮೊಬೈಲಿನಲ್ಲಿ ನೋಡಿದ್ದೇನೆ. ಕೋಡುಬಳೆ ತಿನ್ನುತ್ತಾ, ಕಾಲು ಚಾಚಿಕೊಂಡು ನೋಡಿದ್ದೇನೆ. ಗಾಂಧಿನಗರದ ಸಿನಿಮಾ ವಿತರಕರೊಬ್ಬರ ಕಚೇರಿಯಲ್ಲಿ ಕೂತು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು ನಾನು. ನಿವೃತ್ತಿಯಾದ ಮೇಲೆ ಪರದೆ ಚಿಕ್ಕದಾಯಿತೇ ಹೊರತು ಭಂಗಿ ಬದಲಾಗಲಿಲ್ಲ. ಪುರಾಣದ ಋಷಿಗಳು ಮೈಮೇಲೆ ಹುತ್ತ ಬೆಳೆಯುವವರೆಗೂ ಕೂರುತ್ತಿದ್ದರಂತೆ. ಅವರ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದು ಯಾವ ಪುರಾಣವೂ ಹೇಳುವುದಿಲ್ಲ. ನನ್ನದನ್ನು ಮಾತ್ರ ಡಾಕ್ಟರು ಹೇಳಿಬಿಟ್ಟರು.

ನಾನು ಕೂರುವುದು ಹಾಲಿನ ನಟ್ಟನಡುವಿನ ಬೆತ್ತದ ಕುರ್ಚಿಯಲ್ಲಿ. ಅದು ಅಪ್ಪನದು. ಮಂಡಿನೋವಿನಿಂದ ಎಡಗಾಲು ಎಳೆದುಕೊಂಡು ನಡೆಯುತ್ತಿದ್ದ ಅವರು ಕೊನೆಕೊನೆಗೆ ನಡೆಯುವ ತಾಪತ್ರಯವೇ ಬೇಡವೆಂದು ದಿನವಿಡೀ ಅದರಲ್ಲೇ ಕೂತು ಟೀವಿ ನೋಡುತ್ತಿದ್ದರು. ಒಂದು ದಿನ ನೋಡುತ್ತಲೇ ಹೋಗಿಬಿಟ್ಟರು. ಟೀವಿಯಲ್ಲಿ ವಾರ್ತೆ ಮುಗಿಯಿತು, ಅಡುಗೆ ಕಾರ್ಯಕ್ರಮ ಮುಗಿಯಿತು, ಧಾರಾವಾಹಿ ಶುರುವಾಯಿತು, ನಮಗೆ ಗೊತ್ತಾಗಲಿಲ್ಲ. ನನ್ನ ಹೆಂಡತಿ ಶಾರದಾ ಅವರ ಮುಂದೆ ಕಾಫಿ ಇಟ್ಟು ಹೋದಳು. ಆರಿದ್ದನ್ನು ಕಂಡು, ಬಿಸಿ ಮಾಡಿ ತಂದು ಮತ್ತೆ ಇಟ್ಟಳು. ಆ ಎರಡನೆಯ ಲೋಟವನ್ನು ಅವಳು ಇವತ್ತಿಗೂ ಮರೆತಿಲ್ಲ.

ಹಾಗಾಗಿ ನಾನು ಸದ್ದಿಲ್ಲದೆ ಮೊಬೈಲು ನೋಡುತ್ತಾ ಕೂತರೆ ಅಡುಗೆಮನೆಯಿಂದ "ರೀ..." ಎಂಬ ಕೂಗು ಬರುತ್ತದೆ. ಕೆಲಸವೇನೂ ಇರುವುದಿಲ್ಲ, ನಾನು "ಹೂಂ" ಅಂದರೆ ಸಾಕು. ಕಿವಿಯಲ್ಲಿ ಇಯರ್‌ಫೋನು ಇದ್ದು ಕೇಳಿಸದಿದ್ದರೆ ಸೌಟು ಹಿಡಿದೇ ಬಂದು ನಿಂತು ನನ್ನ ಎದೆಯನ್ನೇ ನೋಡುತ್ತಾಳೆ. "ಇದೀನಿ ಕಣೇ, ಇದೀನಿ" ಅನ್ನುತ್ತೇನೆ. ತಮಾಷೆಗೆ ಅನ್ನುತ್ತೇನೆ, ಆದರೆ ಅವಳ ಕಣ್ಣು ನೋಡಿದರೆ ಸಂಕಟವಾಗುತ್ತದೆ.

ಕೊನೆಗೊಂದು ರಾಜಿಯಾಯಿತು: ಮೊಬೈಲು ನೋಡಬೇಕಾದರೆ ನಡೆಯುತ್ತಾ ನೋಡಬೇಕು. ಬೀದಿಯಲ್ಲಿ ಫುಟ್‌ಪಾತು ಅಗೆದು ಹಾಕಿದ್ದರಿಂದ ಹಾಲಿನಲ್ಲೇ ಕುರ್ಚಿಯ ಸುತ್ತ ನಡೆಯತೊಡಗಿದೆ. ನನ್ನ ಚಪ್ಪಲಿಯ ಸದ್ದು ಕೇಳುತ್ತಿದ್ದಷ್ಟು ಹೊತ್ತು ಅಡುಗೆಮನೆ ನೆಮ್ಮದಿಯಾಗಿರುತ್ತಿತ್ತು. "ರೀ" ನಿಂತೇಹೋಯಿತು.

ಒಂದು ಸಂಜೆ ದೀಪ ಹಚ್ಚಲು ಬಂದ ಶಾರದಾ ಬಾಗಿಲಲ್ಲೇ ಚೀರಿದಳು. "ಅಯ್ಯೋ, ನಿಲ್ರೀ! ಎಡಕ್ಕೆ ಸುತ್ತುತಾ ಇದೀರಲ್ರೀ!"

ನೋಡಿಕೊಂಡೆ, ನಿಜ. ದೇವರನ್ನಾಗಲಿ ಅರಳಿಕಟ್ಟೆಯನ್ನಾಗಲಿ ನಾವು ಬಲಕ್ಕಿಟ್ಟುಕೊಂಡು ಸುತ್ತುವವರು. ಎಡಕ್ಕಿಟ್ಟುಕೊಂಡು ಸುತ್ತುವುದು ಒಂದೇ ಜಾಗದಲ್ಲಿ. ನನ್ನ ಕಣ್ಣು ಫೋನಿನಲ್ಲಿತ್ತು, ದಾರಿ ಆರಿಸಿಕೊಂಡಿದ್ದು ಕಾಲು. ಆ ಕಾಲು ಅದಕ್ಕೆ ಮುಂಚೆ ಹಾಗೆ ಸುತ್ತಿದ್ದು ಚಾಮರಾಜಪೇಟೆಯ ಸ್ಮಶಾನದಲ್ಲಿ, ಹೆಗಲ ಮೇಲೆ ನೀರು ಸೋರುವ ಮಡಕೆ ಹೊತ್ತು, ಅಪ್ಪನ ಸುತ್ತ. ಕುರ್ಚಿಯನ್ನು ನೋಡಿದೆ. ಕೂತು ಕೂತು ಬೆತ್ತ ತಗ್ಗಾಗಿತ್ತು. ಆ ತಗ್ಗು ಅಪ್ಪನದೋ ನನ್ನದೋ ಎಂದು ಹೇಳಲಾಗಲಿಲ್ಲ. ನಿಜಕ್ಕೂ ಹೆದರಿದೆ. ಅಂದಿನಿಂದ ಬಲಕ್ಕೇ ಸುತ್ತಿದೆ, ಫೋನಿಗಿಂತ ಕಾಲನ್ನೇ ಹೆಚ್ಚು ನೋಡುತ್ತಾ.

ಆದರೆ ಚಟವೆನ್ನುವುದು ನೋಡಿ. ಕಳೆದ ವಾರ ಕ್ರಿಕೆಟ್ ಮ್ಯಾಚು ರಂಗೇರಿತ್ತು. ಒಂದೇ ಓವರಿಗೆಂದು ಚಪ್ಪಲಿ ಬಿಟ್ಟು ಕುರ್ಚಿಯಲ್ಲಿ ಕೂತವನು ಮ್ಯಾಚು ಮುಗಿಯುವವರೆಗೂ ಏಳಲಿಲ್ಲ. ಅಷ್ಟು ಹೊತ್ತೂ ಅಡುಗೆಮನೆಯಿಂದ ಒಂದು "ರೀ" ಬರಲಿಲ್ಲ. ಅದು ವಿಚಿತ್ರವೆಂದು ಹೊಳೆಯುವಷ್ಟರಲ್ಲಿ ಶಾರದಾ ಕಾಫಿ ಹಿಡಿದು ಬಂದಳು.

"ಯಾವಾಗ ಕೂತ್ರಿ? ಈಗ್ತಾನೆ ನಡೀತಿದ್ರಲ್ಲ! ಸದ್ದು ಕೇಳಿಸ್ತಾನೇ ಇತ್ತು. ಯಾಕೋ ಎಡಗಾಲು ಎಳ್ಕೊಂಡು ನಡೀತಿದೀರಲ್ಲ, ನೋವಾ ಅಂತ ಕೇಳೋಣ ಅಂತಲೇ ಬಂದೆ."

ಮೇಲಿನ ಮನೆಯವರು ಏನೋ ಎಳೆದಿರಬೇಕು ಎಂದುಕೊಳ್ಳೋಣವೆಂದರೆ ನಮ್ಮ ಮೇಲೆ ಇರುವುದು ಬರೀ ತಾರಸಿ. ಕುರ್ಚಿಯ ಕೆಳಗೆ ನನ್ನ ಚಪ್ಪಲಿಗಳು ಬಿಟ್ಟ ಹಾಗೇ ಇದ್ದವು.

ಅವಳು ಒಳಗೆ ಹೋದ ಮೇಲೆ ನಿಧಾನವಾಗಿ ಹೊಳೆಯಿತು. ನಾನು ಮಾಡದೆ ಬಿಟ್ಟ ಕೆಲಸವನ್ನು ಗೊಣಗದೆ ಮಾಡಿಬಿಡುವುದು ಅಪ್ಪನ ಹಳೆಯ ಅಭ್ಯಾಸ. ಕಾಲೇಜಿಗೆ ಹೋಗುವ ಕಾಲದಲ್ಲೂ ನನ್ನ ಹಾಸಿಗೆ ಮಡಿಸುತ್ತಿದ್ದವರು ಅವರೇ. ಸೊಸೆ ಇನ್ನೊಂದು ಸಲ ಹೆದರಬಾರದೆಂದು, ತಮಗಾಗಿ ನಡೆಯದಿದ್ದವರು ಆ ನೋವಿನ ಕಾಲಿನಲ್ಲಿ ನನ್ನ ಪಾಲಿನದನ್ನು ನಡೆಯುತ್ತಿದ್ದರೆ, ನಾನು ಕೂತಿರುವುದು ಹೇಗೆ?

ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಫೋನಿನಲ್ಲಿ ವಾರ್ತೆ ಹಾಕಿ, ಕುರ್ಚಿಯಲ್ಲಿ ಕೂತವರಿಗೆ ಕಾಣುವಂತೆ ಎದುರಿನ ಸ್ಟೂಲಿನ ಮೇಲೆ ಒರಗಿಸಿದೆ.

"ಕೂತ್ಕೊಳ್ಳಿ ಅಪ್ಪಾ, ನಾನು ನಡೀತೀನಿ" ಎಂದೆ.

ಬಲಕ್ಕೆ ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದೆ ಬೆತ್ತ ಸಣ್ಣಗೆ ಕಿರ್ ಎಂದಿತು. ನಾನು ಹಿಂತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ.