ಗೂಢಚಾರನ ಎರಡನೇ ಭಾಗಕ್ಕೆ ನಾನು ಹೇಳಿದ ಅರ್ಥ

ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಟಾಕೀಸಿಗೆ ಇಂಗ್ಲಿಷ್ ಸಿನಿಮಾ ಬಂದರೆ ಬೆಳಗಿನ ಆಟಕ್ಕೆ ಮಾತ್ರ. ಅದರ ಅರ್ಥ ಹೇಳುವವನು ಊರಿಗೆಲ್ಲ ಒಬ್ಬನೇ, ನಾನು. ಪರದೆಯ ಮೇಲಿನವರು ಬಾಯಿ ತೆರೆಯುವ ಮೊದಲೇ ಏನು ಹೇಳುತ್ತಾರೆಂದು ಹೇಳಿಬಿಡುತ್ತಿದ್ದೆ. ತೆರೆದ ಮೇಲೆ ಮಾತ್ರ ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ನನ್ನ ಖಾಯಂ ಗಿರಾಕಿ ಅಕ್ಕನ ಗಂಡ. ಹತ್ತಿರದ ಗಂಡಸಿ ಊರಿನ ಕಡೆಯ ತೆಂಗಿನ ತೋಟದವರು. ಮಂಡಿಗೆ ಕೊಬ್ಬರಿ ತಂದಾಗಲೆಲ್ಲ ನನ್ನನ್ನು ಸಿನಿಮಾಕ್ಕೆ ಎಳೆದೊಯ್ಯುತ್ತಿದ್ದರು. ಗೂಢಚಾರನ ಸಿನಿಮಾದ ಮೊದಲ ಭಾಗ ನೋಡುವಾಗ, ಅವನ ಜತೆ ಓಡಾಡುವ ಹುಡುಗಿ ಯಾರೆಂದು ಕೇಳಿದರು. "ತಂಗಿ" ಅಂದೆ. ಭಾವನ ಕಣ್ಣಲ್ಲಿ ನೀರೇ ಬಂತು. ತಂಗಿಗಾಗಿ ಅಣ್ಣ ಹೆಲಿಕಾಪ್ಟರಿಗೆ ನೇತುಬಿದ್ದ ಕಥೆಯನ್ನು ಮಂಡಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಎರಡು ವರ್ಷದ ಮೇಲೆ ಎರಡನೇ ಭಾಗ ಬಂತು. ಹತ್ತೇ ನಿಮಿಷಕ್ಕೆ ಗೂಢಚಾರ ಅದೇ ತಂಗಿಯನ್ನು ಚರ್ಚಿನಲ್ಲಿ ಮದುವೆಯಾದ.

"ಏನ್ಲಾ ಇದು? ಒಡಹುಟ್ಟಿದೋಳ್ನೇ ಕಟ್ಕೊಂಡವ್ನಲ್ಲೋ!"

"ಕೂತ್ಕಳಿ ಭಾವ. ಅವಳಲ್ಲ ಇವಳು. ನೋಡಕ್ಕೆ ಅವಳಂಗೇ ಕಾಣ್ತಾಳೆ, ಅಷ್ಟೆ."

"ನಂಗೆ ಕಣ್ಣಿಲ್ವಾ? ಕೆನ್ನೆ ಮೇಲಿನ ಮಚ್ಚೆ ಅಲ್ಲೇ ಐತೆ. ಹಿಂದ್ಗಡೆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕೂತವ್ರೆ, ಆಟ ಮುಗೀಲಿ, ಕೇಳ್ತೀನಿ. ಸುಳ್ಳಾಗಿದ್ರೆ ನಿಂಗೆ ಇಂಗ್ಲಿಷ್ ಬರಲ್ಲ ಅಂತ ಮಂಡೀಲಿ ನಾನೇ ಸಾರ್ತೀನಿ."

ತಿರುಗಿ ನೋಡಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನಮ್ಮ ಕಡೆಗೇ ಬಗ್ಗಿ ಕೂತಿದ್ದರು. ವರ್ಷಗಟ್ಟಲೆ ಕಟ್ಟಿದ ನನ್ನ ಹೆಸರು ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಆದರೆ ಆ ಸಿನಿಮಾ ಭಯವನ್ನೂ ಮರೆಸಿತು. ರೈಲಿನ ಮೇಲಿನ ಹೊಡೆದಾಟವನ್ನು ಏನೆಂದು ಹೊಗಳಲಿ! ಹುಟ್ಟಿದಾಗಿನಿಂದ ರೈಲು ನೋಡಿದ ಊರು ನಮ್ಮದು, ಆದರೂ ಸುರಂಗ ಬಂದಾಗ ಇಡೀ ಟಾಕೀಸು ತಲೆ ತಗ್ಗಿಸಿತು. ಮೊದಲ ಭಾಗದಲ್ಲಿ ಯಾರು ಯಾರಿಗೆ ಹೊಡೆದರೆಂದೇ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಒಂದೊಂದು ಏಟೂ ಕಾಣುತ್ತಿತ್ತು. ಕಾಲಿಗೆ ಪೆಟ್ಟು ಬಿದ್ದವನು ಕೊನೆಯವರೆಗೂ ಕುಂಟಿದ. ಖಳನಂತೂ ಒಮ್ಮೆಯೂ ಕಿರುಚಲಿಲ್ಲ, ಸೇಬಿನ ಸಿಪ್ಪೆ ಸುಲಿಯುತ್ತಲೇ ನಡುಕ ಹುಟ್ಟಿಸಿದ. ನಾನು ಬಾಯಿ ತೆರೆದರೆ "ಸುಮ್ಕಿರ್ಲಾ" ಎಂದು ಭಾವ ತೊಡೆಗೆ ಗುದ್ದುತ್ತಿದ್ದರು.

ಕುಂದು ಇರಲಿಲ್ಲವೆಂದಲ್ಲ. ಇಂಟರ್‌ವಲ್ ಆದ ಮೇಲೆ ಕೋಟಿನವರು ಐದು ಜನ ಮೇಜಿನ ಸುತ್ತ ಕೂತು ಮಾತಾಡಿದರು, ಮಾತಾಡಿದರು. ಟಾಕೀಸಿನ ತುಂಬ ಕಡಲೆಕಾಯಿ ಬಿಡಿಸುವ ಸದ್ದು.

"ಏನಂತ್ಲಾ?"

"ಹೊಸ್ದಾಗಿ ಮದ್ವೆಯಾದೋನು, ರಜ ಕೇಳ್ತಾವ್ನೆ. ಸಾಹೇಬ್ರು ಕೊಡ್ತಾ ಇಲ್ಲ."

"ಕೊಡ್ಬೇಕಪ್ಪ, ಪಾಪ. ಹೆಂಡ್ತಿ ಎಲ್ಲಿ?"

ಹೆಂಡತಿಯನ್ನು ಸಿನಿಮಾದವರೇ ಮರೆತುಬಿಟ್ಟಿದ್ದರು. ಮುಕ್ಕಾಲು ಗಂಟೆಯಿಂದ ಪತ್ತೆಯಿಲ್ಲ. "ತವರಿಗೆ ಹೋಗವಳೆ" ಅಂದೆ. ಕೈಗೆ ಸಿಕ್ಕ ಗೂಢಚಾರನನ್ನು ಕೊಲ್ಲದೆ, ಕುರ್ಚಿಗೆ ಕಟ್ಟಿ ಖಳ ಹೊರಗೆ ಹೋದದ್ದಕ್ಕೆ ಮಾತ್ರ ನನಗೂ ಕಾರಣ ಹೊಳೆಯಲಿಲ್ಲ.

ಆಟ ಬಿಟ್ಟಿತು. ನಾನು ಜನರ ನಡುವೆ ನುಸುಳುವಷ್ಟರಲ್ಲಿ ಭಾವ ರಟ್ಟೆ ಹಿಡಿದು ಮೇಷ್ಟ್ರ ಮುಂದೆ ನಿಲ್ಲಿಸಿದರು.

"ಮೇಷ್ಟ್ರೇ, ಆ ಹುಡುಗಿ ಮೊದಲ್ನೇ ಭಾಗದ ತಂಗೀನಾ, ಬೇರೇನಾ? ನಿಜ ಹೇಳ್ಬೇಕು ನೀವು."

ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಪುಸ್ತಕದಲ್ಲಿ ಬರೆದಿದ್ರೆ ಹೇಳ್ತಿದ್ದೆ ಕಣ್ರೀ. ಇವ್ರು ಬಾಯ್ತುಂಬ ಕಡುಬು ಇಟ್ಕೊಂಡಂಗೆ ಮಾತಾಡ್ತಾರೆ, ನಂಗೇನೂ ತಿಳೀಲಿಲ್ಲ. ನಿಮ್ಮ ಬಾಮೈದ ಹೇಳಿದ್ದನ್ನೇ ಕೇಳ್ಕೊಂಡು ನೋಡ್ದೆ."

ನಾನು ಮೇಷ್ಟ್ರಿಗೇ ಅರ್ಥ ಹೇಳಿದವನೆಂದು ಭಾವ ಅವತ್ತೇ ಮಂಡಿಯಲ್ಲಿ ಸಾರಿದರು.

ಮಾರನೇ ದಿನ ಒಬ್ಬನೇ ಕದ್ದು ಹೋಗಿ ಮತ್ತೆ ನೋಡಿದೆ. ಕಥೆ ಕಟ್ಟುವ ಗೋಜಿಲ್ಲದೆ ನೋಡಿದಾಗ ಆ ಮೇಜಿನ ಮಾತೂ ಅಷ್ಟು ಉದ್ದ ಅನಿಸಲಿಲ್ಲ. ಕೊನೆಯಲ್ಲಿ ಗೂಢಚಾರ ಕುಂಟುತ್ತ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲಿ ನಿಂತು ಏನೋ ಅಂದಳು. ಪಕ್ಕದವರು, "ಏನಂದ್ಲು ಸಾ?" ಎಂದು ಕೇಳಿದರು.

"ಗೊತ್ತಿಲ್ಲ ಕಣಪ್ಪ" ಅಂದೆ. ಆ ಟಾಕೀಸಿನೊಳಗೆ ನಾನು ಆಡಿದ ನಿಜ ಅದೊಂದೇ.