ಉಳಿಸಿದ ಒಂದು ಗೋಡೆ

೧೯೯೧ರಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮುಂದೆ ಕಲಿತದ್ದೆಲ್ಲ ದುಡಿದು ಕಲಿತದ್ದು. ಕಾಯ್ದೆ ಮಾತ್ರ ಗದಿಗೆಪ್ಪ ಮೇಸ್ತ್ರಿಯಿಂದ ಕಲಿತೆ.

ಬಾದಾಮಿಯ ನಮ್ಮ ಓಣಿಯಲ್ಲಿ ಅವನ ಕೈ ತಾಗದ ಮನೆಯಿಲ್ಲ. ಕೆಲಸ ಹಿಡಿಯುವ ಮುನ್ನ ಹಳೆಯ ಗೋಡೆಗಳಿಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. "ಇದು ಇನ್ನೂ ಉಸಿರಾಡ್ತೈತಿ" ಎಂದನೆಂದರೆ ಆ ಒಂದು ಗೋಡೆ ಉಳಿಯಿತು, ಬಾಕಿ ಮೂರು ಬಿದ್ದವು. ಓಣಿ ಹಳೆಯ ಗುಡಿಗೆ ಹತ್ತಿಕೊಂಡಿದೆ. ಅಲ್ಲಿ ಹೊಸ ಮನೆ ಕಟ್ಟಗೊಡುವುದಿಲ್ಲ, ದುರಸ್ತಿಗೆ ಅಡ್ಡಿಯಿಲ್ಲ ಎಂದಷ್ಟೇ ನಮಗೆ ಗೊತ್ತಿತ್ತು. ದುರಸ್ತಿ ಎಂದರೇನೆಂದು ಗದಿಗೆಪ್ಪ ಹೇಳುತ್ತಿದ್ದ: "ಒಂದ್ ಗ್ವಾಡಿ ನಿಂತಿದ್ರ ದುರಸ್ತಿ. ನಾಕೂ ಬಿದ್ರ ಹೊಸಾದು. ಮುಗೀತು."

ವರ್ಷಗಟ್ಟಲೆ ಮಂದಿಯ ಗಿರಣಿಯಲ್ಲಿ ಹಿಟ್ಟು ಬೀಸಿದ ಮೇಲೆ, ಅಪ್ಪನ ಮನೆ ಕೆಡವಿ ಮುಂದಿನ ಖೋಲಿಯಲ್ಲಿ ನನ್ನದೇ ಗಿರಣಿ ಹಾಕಲು ಹೊರಟೆ. ಹೆಂಡತಿ ಅಳುಕಿ ಗದಿಗೆಪ್ಪನನ್ನು ಕೇಳಿದಳು. "ಕಾಕಾ, ಕಚೇರ್ಯಾಗ ಒಂದ್ ಮಾತ ಕೇಳಿ ಬಂದ್ರ ಆಗೂದಿಲ್ಲೇನ್ರಿ?"

"ಕೇಳಿದ್ರ ಬ್ಯಾಡ ಅಂತಾರವಾ. ಬ್ಯಾಡ ಅನ್ನಿಸ್ಕೊಳ್ಳಾಕ ಚಪ್ಪಲಿ ಯಾಕ ಸವಸೂದು?" ನನ್ನತ್ತ ತಿರುಗಿದ. "ನಿಮ್ಮಪ್ಪನ ಮನಿಗೆ ನೀ ಯಾರನ್ನ ಕೇಳ್ತಿಲೇ, ನಿಮ್ಮ ಮಾವನ್ನ?"

ಯಾರೆದುರೂ ನಿಂತು ಕೇಳಿದ ಜೀವವಲ್ಲ ನನ್ನದು. ಮಾತು ಹಿಡಿಸಿತು.

ಹಿಂದಿನ ಗೋಡೆ ಉಳಿಸಿ ಮೂರು ಎಬ್ಬಿಸಿದೆವು, ಸ್ಲ್ಯಾಬ್ ಹಾಕಿದೆವು. ಗಿರಣಿ ಕೂರಿಸಿದ ವಾರದಲ್ಲೇ ಪುರಾತತ್ವ ಇಲಾಖೆಯ ನೋಟಿಸು ಬಂತು. ಇಬ್ಬರೂ ಕಚೇರಿಗೆ ಹೋದೆವು. ಗದಿಗೆಪ್ಪ ತನ್ನ ಕಾಯ್ದೆ ಹೇಳಿದ. ಮೇಜಿನ ಹಿಂದಿದ್ದ ಹೆಣ್ಣುಮಗಳು ಸಮಾಧಾನದಿಂದಲೇ ಹೇಳಿದಳು: "ಅಜ್ಜಾರ, ಸೋರೂ ಮಾಳಿಗಿ ಮುಚ್ಚೂದು ದುರಸ್ತಿರಿ. ಅದಕ್ಕೂ ಮೊದಲ ಅಪ್ಪಣಿ ತಗೋಬೇಕ್ರಿ. ಇದು ಹೊಸಾ ಕಟ್ಟಡ. ಗುಡಿಯಿಂದ ನೂರು ಮೀಟರಿನ್ಯಾಗ ಹೊಸಾದಕ್ಕ ಅಪ್ಪಣಿನ ಇಲ್ರಿ. ಮೊದಲ ಬಂದು ಕೇಳಿದ್ರ ಹಳೇ ಮನಿನಾರ ಉಳೀತಿತ್ತು."

ಹೊರಗೆ ಬಂದು ಗದಿಗೆಪ್ಪ ಬೀಡಿ ಹಚ್ಚಿದ. "ಓಣಿ ತುಂಬ ಎಲ್ಲಾರದೂ ನಡದೈತಿ. ನಿನ್ನ ದೈವ ನೆಟ್ಟಗಿಲ್ಲ."

ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ಜೆಸಿಬಿ ಬಂತು. ನಾವು ಕಟ್ಟಿದ್ದನ್ನೆಲ್ಲ ಕೆಡವಿ, ಹಳೆಯ ಗೋಡೆಯನ್ನು ಮುಟ್ಟದೆ ಹೋಯಿತು. ಸಂಜೆ ಗದಿಗೆಪ್ಪ ಬಂದ. ಕಲ್ಲುಮಣ್ಣು ದಾಟಿ ಹೋಗಿ, ಆ ಗೋಡೆಗೆ ಕಿವಿ ಹಚ್ಚಿ ತಟ್ಟಿದ.

"ನಾ ಹೇಳಿದ್ದಿಲ್ಲ? ಗಟ್ಟಿ ಐತಿ."

ಕೂತುಕೋ ಎನ್ನಲಿಲ್ಲ ನಾನು. ಅದೇ ಕಡೆಯ ಭೆಟ್ಟಿ. ಅವನು ಸತ್ತಾಗ ಓಣಿಯೆಲ್ಲ ಮಣ್ಣು ಕೊಡಲು ಹೋಯಿತು, ನಾನು ಹೋಗಲಿಲ್ಲ.

ಈಗ ಮತ್ತೆ ಮಂದಿಯ ಗಿರಣಿಗೆ ಹೋಗುತ್ತೇನೆ, ಬಾಡಿಗೆ ಖೋಲಿಗೆ ಮರಳುತ್ತೇನೆ. ನನ್ನದೆಂದು ಇರುವುದು ಟಾರ್ಪಾಲಿನ ಕೆಳಗೆ ಒಂದು ಗಿರಣಿ ಯಂತ್ರ, ಚೌಕಟ್ಟಿಲ್ಲದ ಎರಡು ಬಾಗಿಲು, ಒಂದು ಗೋಡೆ.