ಮೂರನೆಯ ಕರೆ

ನರಸಿಂಹರಾಜಪುರದ ಹಿಟ್ಟಿನ ಗಿರಣಿಯ ಕಲ್ಲಮ್ಮ, ಸಂಜೆ ಟಿವಿಯಲ್ಲಿ ದೆವ್ವದ ಧಾರಾವಾಹಿ ಶುರುವಾಯಿತೆಂದರೆ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಳ್ಳುತ್ತಾಳೆ. ಕೆಳಗೆ ಬಿಟ್ಟರೆ ಯಾರಾದರೂ ಹಿಡಿದಾರೆಂಬ ಭಯ. ಜಾಹೀರಾತು ಬಂದರೂ ಇಳಿಸುವುದಿಲ್ಲ. ಕಥೆಯಲ್ಲಿ ಬಾವಿಗೆ ಬಿದ್ದು ಸತ್ತ ತಂಗಿ ದಿನಾ ಬಾಗಿಲಿಗೆ ಬಂದು ಕರೆಯುತ್ತಾಳೆ. ಬಾಗಿಲು ತೆಗೆಯದ ಅಕ್ಕ ಆ ಸಾವಿನ ತಪ್ಪನ್ನು ಗಂಡನ ಮೇಲೆ ಹಾಕುತ್ತಾಳೆ, ಗಂಡ ತನ್ನ ತಾಯಿಯ ಮೇಲೆ. "ಎಲ್ಲಾ ಆ ಅಕ್ಕಂದೇ ತಪ್ಪು ಮಾರಾಯ್ತಿ," ಎಂದು ಕಲ್ಲಮ್ಮ ಒಂದು ವರ್ಷದಿಂದ ಸೊಸೆ ಶಿಲ್ಪಶ್ರೀಗೆ ತೀರ್ಪು ಹೇಳುತ್ತಿದ್ದಾಳೆ. ಕಲ್ಲಮ್ಮನನ್ನು ಯಾರೇ ಕರೆದರೂ ಮೂರು ಸಲ ಕೂಗಬೇಕು. ದೆವ್ವವಾದರೆ ಎರಡೇ ಸಲ ಕರೆಯುತ್ತದೆಂದು ಮೂರನೆಯದಕ್ಕೇ ಅವಳು ಓಗೊಡುವುದು. ಗಿರಾಕಿಗಳು ರಾಗಿ ಚೀಲ ಹೊತ್ತುಕೊಂಡೇ ಎಣಿಸುತ್ತಾರೆ. ಮೊನ್ನೆ ಟಿವಿಯ ಅಕ್ಕ ಕೊನೆಗೂ ಬಾಗಿಲು ತೆಗೆದಳು. ದೆವ್ವ ಅವಳನ್ನು ತಬ್ಬಿಕೊಂಡು ಅತ್ತಿತು. ಶಿಲ್ಪಶ್ರೀ ಕಣ್ಣೊರೆಸಿಕೊಂಡು, "ಅಂತೂ ರಾಜಿ ಆದ್ರಲ್ಲ ಅತ್ತೆ," ಎಂದಳು. ಕಲ್ಲಮ್ಮ ಕಾಲನ್ನು ಸೆರಗಿನೊಳಗೆ ಮುದುರಿಕೊಂಡಳು. "ಕೆರೆಗೆ ಹಾರೋ ಮುಂಚೆ ನನ್ ತಂಗೀನೂ ಈ ಬಾಗಿಲಿಗೆ ಬಂದಿದ್ಲು," ಎಂದಳು ಮೆಲ್ಲಗೆ. "ಎರಡೇ ಸಲ ಕರೆದ್ಲು."